ಫೋಟೋದ ಹಿಂಬದಿ

ನನ್ನ ಮೇಜಿನ ಮೇಲೆ ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು-ಬಿಳುಪು ಫೋಟೋ ಕವುಚಿ ಬಿದ್ದಿದೆ. ಹಿಂಬದಿಯಲ್ಲಿ ಎರಡು ಕೈಬರಹಗಳಿವೆ. ಮೇಲಿನದು ಸೀಸದ ಕಡ್ಡಿಯದು: "ಬಲಗಡೆ ಹೆಂಗಸು ಆಸ್ಪತ್ರೆಗೆ ಬಂದವರ ಹಾಗೆ ಕಾಣುತ್ತಾರೆ. ವಿಚಾರಿಸಿ." ಕೆಳಗಿನದು ಕೆಂಪು ಪೆನ್ಸಿಲಿನದು: "ಅಗಲ 8 ಸೆಂ.ಮೀ. ಎಡಗಡೆ, ಕೆಳಗಡೆ ಕತ್ತರಿಸಿ." ಮೇಲಿನ ಬರಹ ಶಿವಮೊಗ್ಗದ ಒಬ್ಬ ಫೋಟೋಗ್ರಾಫರ್ ಅವರದು, ಕೆಳಗಿನದು ನನ್ನದು. ನಾನೆಳೆದ ಕೆಂಪು ಗೆರೆ ಅವರ 'ವಿಚಾರಿಸಿ' ಎಂಬ ಪದದ ಮೇಲೆಯೇ ಹಾದುಹೋಗಿದೆ. ಓದಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರಿಗೆ ಈ ಪ್ರಕರಣವನ್ನು ಕೆಲವು ವರ್ಷಗಳಿಂದ ಬಾಯಲ್ಲಿ ಹೇಳುತ್ತ ಬಂದಿದ್ದೇನೆ, ಬರೆದಿರಲಿಲ್ಲ. ಪತ್ರಿಕೆ, ಲಾಡ್ಜ್, ಠಾಣೆ, ಹಳ್ಳಿ ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಆ ಫೋಟೋಗ್ರಾಫರ್ ಅವರನ್ನು ಪರಿಚಯದವರೆಲ್ಲ 'ಫೋಟೋದವರು' ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಇರಲಿ.

ಫೋಟೋದವರು

ಅವರ ಹುಟ್ಟಿದ ಮನೆ ಶರಾವತಿಯ ನೀರಿನಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರು ಚಿಕ್ಕ ಹುಡುಗ. ಸಾಗರ, ಹೊಸನಗರ ತಾಲ್ಲೂಕುಗಳ ಸಾವಿರಾರು ಸಂಸಾರಗಳ ಹಾಗೆ ಇವರದೂ ಪಾತ್ರೆ ಪಗಡಗಳನ್ನು ಹೇರಿಕೊಂಡು ಶಿವಮೊಗ್ಗದ ಕಡೆಗೆ ಬಂತು. "ನಮ್ಮ ಮನೆಯದು ಒಂದೇ ಒಂದು ಫೋಟೋ ಇಲ್ಲ ಮಾರಾಯರೇ" ಎಂದು ಒಮ್ಮೆ ಹೇಳಿದ್ದರು. ಹಾಗೆಂದು ಆ ನೋವಿನಿಂದಲೇ ಕ್ಯಾಮೆರಾ ಹಿಡಿದರು ಎಂದು ನಾನು ಬರೆದರೆ ಅವರು ನಕ್ಕುಬಿಡುತ್ತಾರೆ. ಹಿಡಿದದ್ದು ಹೊಟ್ಟೆಪಾಡಿಗೆ. ದುರ್ಗಿಗುಡಿಯ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮೊಡವೆ ಅಳಿಸುವುದನ್ನು ಕಲಿತು, ಮದುವೆ ಉಪನಯನಗಳ ಫೋಟೋ ತೆಗೆಯುತ್ತ ಮೇಲೆ ಬಂದವರು.

ಮಲೆನಾಡಿನಲ್ಲಿ ಕ್ಯಾಮೆರಾಗೆ ಮಳೆಗಿಂತ ದೊಡ್ಡ ಶತ್ರು ಬೂಷ್ಟು. ಒಂದು ಆಷಾಢ ಮೈಮರೆತರೆ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೆಳೆದಿರುತ್ತದೆ. ಫೋಟೋದವರ ತಗಡಿನ ಟ್ರಂಕಿನಲ್ಲಿ ಹದಿನೈದು ವಾಟಿನ ಬಲ್ಬೊಂದು ಜೂನ್‌ನಿಂದ ಅಕ್ಟೋಬರ್‌ವರೆಗೆ ಹಗಲೂ ರಾತ್ರಿ ಉರಿಯುತ್ತಿತ್ತು. ಕರೆಂಟ್ ಹೋದ ದಿನ ಲೆನ್ಸುಗಳನ್ನು ಅಕ್ಕಿ ಡಬ್ಬಕ್ಕೆ ಇಳಿಸುತ್ತಿದ್ದರು. ಫಿಲ್ಮು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು'. ಉದ್ದನೆಯ ಸುರುಳಿ ತಂದು, ಕತ್ತಲೆಯಲ್ಲಿ ಹಳೆಯ ಡಬ್ಬಿಗಳಿಗೆ ತಾವೇ ಸುತ್ತಿಕೊಳ್ಳುತ್ತಿದ್ದರು. ಹನ್ನೊಂದು ಫ್ರೇಮ್ ತೆಗೆದಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ತೊಳೆಯುವುದು, ಉಳಿದದ್ದು ನಾಳೆಗೆ.

ವಾರಪತ್ರಿಕೆಗಳ ಕಡೆಗೆ ಅವರು ಹೊರಳಿದ್ದು ಕಾಲದ ಗಾಳಿಗೆ. ಶಿವಮೊಗ್ಗ ಸೀಮೆಯ ಕೊನಗವಳ್ಳಿಯಿಂದ ಹೋದ ಪಿ. ಲಂಕೇಶ್ 1980ರಲ್ಲಿ ಜಾಹೀರಾತಿಲ್ಲದೆ ಒಂದು ಟ್ಯಾಬ್ಲಾಯ್ಡ್ ನಡೆಸಿ ತೋರಿಸಿದ ಮೇಲೆ, ಬರೀ ಓದುಗರ ದುಡ್ಡಿನಲ್ಲಿ ಪತ್ರಿಕೆ ಬದುಕಬಹುದು ಎಂಬ ಧೈರ್ಯ ಕನ್ನಡದಲ್ಲಿ ಬಂತು. ಆ ಧೈರ್ಯ ಎಲ್ಲರಿಗೂ ಬಂತು ಎನ್ನುವುದೇ ತೊಂದರೆ. ತೊಂಬತ್ತರ ದಶಕದಲ್ಲಿ ಅಪರಾಧ ಸುದ್ದಿಗೆ ದೊಡ್ಡ ಮಾರುಕಟ್ಟೆ ತೆರೆದುಕೊಂಡಾಗ, ಲಂಕೇಶರ ಆಕಾರವನ್ನಷ್ಟೇ ತೆಗೆದುಕೊಂಡು ಹೊಣೆಯನ್ನು ಅಲ್ಲಿಯೇ ಬಿಟ್ಟ ಪತ್ರಿಕೆಗಳು ಹತ್ತಾರು. ನಮ್ಮದು ಅಂಥದ್ದರಲ್ಲಿ ಒಂದು. ನಾನು ಬೆಂಗಳೂರಿನಲ್ಲಿ ಅದರ ಡೆಸ್ಕಿನಲ್ಲಿದ್ದೆ. ಫೋಟೋದವರು ಶಿವಮೊಗ್ಗದಿಂದ ಚಿತ್ರ ಕಳಿಸುತ್ತಿದ್ದರು.

ಒಂದು ಮಾತು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಘಟ್ಟದಿಂದ ಇಳಿಯುತ್ತಿದ್ದ ನಾಟಾ ಲಾರಿಗಳ ಫೋಟೋವನ್ನು ಅವರು ಪೊದೆಯಲ್ಲಿ ಕುಳಿತು, ಇಂಬಳ ಕಚ್ಚಿಸಿಕೊಂಡು ತೆಗೆದಿದ್ದಾರೆ. ತುಂಗೆಯ ಮರಳು ಎತ್ತುವವರಿಂದ ಏಟು ತಿಂದಿದ್ದಾರೆ. ಮಂಗನ ಕಾಯಿಲೆ ಬಂದ ಊರುಗಳಿಗೆ ಬೇರೆ ಪತ್ರಿಕೆಯವರು ಕಾಲಿಡದಿದ್ದಾಗ ಸೈಕಲ್ ತುಳಿದುಕೊಂಡು ಹೋಗಿದ್ದಾರೆ. ಆ ಚಿತ್ರಗಳೂ ಇದೇ ಪತ್ರಿಕೆಯಲ್ಲಿ, ಇದೇ ದರಕ್ಕೆ ಅಚ್ಚಾದವು. ಒಳಪುಟಕ್ಕೆ 40 ರೂಪಾಯಿ, ಮುಖಪುಟಕ್ಕೆ 100. ಅಚ್ಚಾದರೆ ಮಾತ್ರ ದುಡ್ಡು. ಫಿಲ್ಮು, ಕಾಗದ, ಬಸ್ ಚಾರ್ಜು ಎಲ್ಲ ಅವರದೇ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಸುದ್ದಿ ಛಾಯಾಗ್ರಾಹಕನನ್ನು ಹೆಸರಿಟ್ಟು ಪತ್ರಕರ್ತರ ಸಾಲಿನಲ್ಲಿ ಸೇರಿಸಿತ್ತು. ಆದರೆ ಇವರ ಬಳಿ ನೇಮಕಾತಿ ಪತ್ರ ಇದ್ದರಲ್ಲವೇ?

ಆ ರಾತ್ರಿ

ಮಳೆಗಾಲದ ಒಂದು ಸೋಮವಾರ, ರಾತ್ರಿ ಒಂಬತ್ತು ಗಂಟೆ ಸುಮಾರು. ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದ ಒಂದು ಲಾಡ್ಜಿನ ಮೇಲೆ ಪೊಲೀಸರು ದಾಳಿ ಮಾಡಿದರು. ಫೋಟೋದವರಿಗೆ ಮೊದಲೇ ಫೋನ್ ಬಂದಿತ್ತು. ಹಾಗೆ ಫೋನ್ ಮಾಡುವುದು ಆಗ ವಾಡಿಕೆ: ಅಧಿಕಾರಿಗೆ ಪತ್ರಿಕೆಯಲ್ಲಿ ಚಿತ್ರ, ಪತ್ರಿಕೆಗೆ ಸುದ್ದಿ. ಅನೈತಿಕ ವ್ಯವಹಾರ ತಡೆ ಕಾಯ್ದೆಯ 15ನೇ ಕಲಮು ಇಂಥ ಶೋಧಕ್ಕೆ ಯಾರು ಯಾರು ಇರಬೇಕು ಎಂದು ಹೇಳುತ್ತದೆ. ಆಸುಪಾಸಿನ ಇಬ್ಬರು ಗೌರವಸ್ಥರು ಸಾಕ್ಷಿಗೆ, ಅವರಲ್ಲಿ ಒಬ್ಬರಾದರೂ ಹೆಂಗಸು, ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು. ಫ್ಲ್ಯಾಶ್ ಹಿಡಿದವನ ಮಾತು ಅಲ್ಲಿಲ್ಲ.

ಮೆಟ್ಟಿಲ ಬುಡದಲ್ಲಿ ನಿಂತು ಅವರು ಹನ್ನೊಂದು ಫ್ರೇಮ್ ತೆಗೆದರು. ಏಳನೆಯದು ಈ ಫೋಟೋ. ಎಡಗಡೆ ಇಬ್ಬರು ಗಂಡಸರ ಬೆನ್ನು, ಒಬ್ಬ ಪೇದೆಯ ಲಾಠಿ. ಬಲಗಡೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಫ್ಲ್ಯಾಶ್ ಹೊಡೆಯುವ ಹೊತ್ತಿಗೆ ಆಕೆ ಬಲಗೈಯಲ್ಲಿದ್ದ ವೈರಿನ ಬುಟ್ಟಿಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಿದ್ದಾರೆ. ಪ್ಲಾಸ್ಟಿಕ್ ವೈರಿನಲ್ಲಿ ಮನೆಯಲ್ಲೇ ಹೆಣೆದ, ಕಪ್ಪು ಬಿಳುಪಿನಲ್ಲೂ ಎರಡು ಬಣ್ಣ ಗೊತ್ತಾಗುವ ಚೌಕಳಿ ಬುಟ್ಟಿ. ಎಡಗೈ ಕೆಳಗೆ ಇಳಿಬಿದ್ದಿದೆ. ಅದರಲ್ಲಿ ಒಂದು ಫ್ಲಾಸ್ಕ್, ಸುತ್ತಿ ಕಟ್ಟಿದ ಒಂದು ಚಾಪೆ.

ಫ್ಲಾಸ್ಕು, ಚಾಪೆ. ಶಿವಮೊಗ್ಗದಲ್ಲಿ ರಾತ್ರಿ ಹೊತ್ತು ಇವೆರಡನ್ನೂ ಹಿಡಿದು ಬೀದಿಯಲ್ಲಿ ಹೋಗುವವರು ಎಲ್ಲಿಗೆ ಹೋಗುತ್ತಾರೆ ಎಂದು ಯಾವ ಆಟೋದವರನ್ನು ಕೇಳಿದರೂ ಹೇಳುತ್ತಾರೆ: ಮೆಗ್ಗಾನ್ ಆಸ್ಪತ್ರೆಗೆ, ರೋಗಿಯ ಜೊತೆ ಮಲಗಲು. ಆಕೆಯ ತಾಯಿ ಅಲ್ಲಿ ಮಲಗಿದ್ದರು. ಅಣ್ಣನೂ ತಂಗಿಯೂ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಸ್ನಾನಕ್ಕೆ, ಒಂದಿಷ್ಟು ನಿದ್ದೆಗೆ ಅಗ್ಗದ ಒಂದು ರೂಮು. ಆಕೆ ರಾತ್ರಿಯ ಸರದಿಗೆ ಹೊರಟು ಮೆಟ್ಟಿಲು ಇಳಿಯುತ್ತಿದ್ದಾಗ ಪೊಲೀಸರು ಮೆಟ್ಟಿಲು ಹತ್ತಿದ್ದರು. ಠಾಣೆಗೆ ಅಣ್ಣ ಆಸ್ಪತ್ರೆಯ ಚೀಟಿ ಹಿಡಿದು ಓಡಿಬಂದ ಮೇಲೆ, ನಡುರಾತ್ರಿಗೆ ಮುಂಚೆಯೇ ಆಕೆಯನ್ನು ಬಿಟ್ಟು ಕಳಿಸಿದರು.

ಇದು ಫೋಟೋದವರಿಗೆ ಗೊತ್ತಾಗಲಿಲ್ಲ. ಅವರು ಆಗಲೇ ಮನೆಯ ಬಚ್ಚಲುಕೋಣೆಯಲ್ಲಿ ಕೆಂಪು ಬಲ್ಬು ಹಾಕಿಕೊಂಡು ಕುಳಿತಿದ್ದರು. ಹನ್ನೊಂದೂವರೆಯ ಬೆಂಗಳೂರು ಬಸ್ಸಿಗೆ ಕವರ್ ಕೊಡಬೇಕು, ಬೆಳಗ್ಗೆ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ನಮ್ಮ ಹುಡುಗ ಕಂಡಕ್ಟರಿಂದ ಅದನ್ನು ಇಸಿದುಕೊಳ್ಳಬೇಕು, ಮಂಗಳವಾರ ಸಂಜೆಗೆ ಪುಟ ಕಟ್ಟಬೇಕು. (ವಾರಕ್ಕೊಮ್ಮೆ ಬರುವ ಪತ್ರಿಕೆಗೆ ಅಂಥ ಆತುರವೇನಿತ್ತು ಎಂದು ಈಗ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಗ ಯಾರೂ ಕೇಳಲಿಲ್ಲ.) ಡೆವಲಪರ್ ಟ್ರೇಯಲ್ಲಿ ಚಿತ್ರ ಮೂಡುವಾಗ ಮೊದಲು ಕಾಣುವುದು ಕಡುಕಪ್ಪು ಭಾಗ. ಕಪ್ಪು ಚೌಕಗಳು ಮೂಡಿದವು, ಆಮೇಲೆ ಸೀರೆ, ಕೊನೆಗೆ ಫ್ಲಾಸ್ಕಿನ ಹೊಳಪು. "ಫ್ಲಾಸ್ಕ್ ಕಂಡ ಕೂಡಲೇ ಕೈ ನಿಂತಿತು" ಎಂದು ಅವರು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ನಿಂತ ಕೈ ಆಮೇಲೆ ಪ್ರಿಂಟನ್ನು ಹೈಪೋಗೆ, ಅಂದರೆ ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣಕ್ಕೆ, ಹಾಕಿತು, ತೊಳೆಯಿತು, ಒಣಗಿಸಿತು, ಹಿಂದೆ ಒಂದು ಸಾಲು ಬರೆಯಿತು, ಕವರಿಗೆ ತುಂಬಿತು. ಕವರಿನಲ್ಲಿ ಮೂರು ಫೋಟೋ ಇದ್ದವು. ಎರಡನ್ನೇ ಕಳಿಸಬಹುದಿತ್ತು.

ಡೆಸ್ಕಿನಲ್ಲಿ

ಮೂರರಲ್ಲಿ ಎರಡು ಸಪ್ಪೆಯಾಗಿದ್ದವು. ಗಂಡಸರ ಬೆನ್ನು, ಜೀಪಿನ ಚಕ್ರ. ಮೂರನೆಯದರಲ್ಲಿ ಎತ್ತಿದ ಕೈ, ಅಡಗಿದ ಮುಖ. ದಾಳಿ ಸುದ್ದಿಗೆ ಹೇಳಿ ಮಾಡಿಸಿದ ಭಂಗಿ. ಸಂಪಾದಕರು ಶೀರ್ಷಿಕೆಯನ್ನು ಆಗಲೇ ಕೊಟ್ಟಿದ್ದರು. ನಾನು ಫೋಟೋ ತಿರುಗಿಸಿದೆ, ಓದಿದೆ. 'ವಿಚಾರಿಸಿ' ಎಂದಿತ್ತು. ಯಾರನ್ನು ವಿಚಾರಿಸುವುದು? ಠಾಣೆಗೆ ಎಸ್‌ಟಿಡಿ ಮಾಡಿದ್ದರೆ ಎರಡು ನಿಮಿಷದ ಮಾತು. ಮಾಡಲಿಲ್ಲ. ಮುಖ ಕಾಣುವುದಿಲ್ಲ, ಹೆಸರು ಹಾಕುವುದಿಲ್ಲ, ಯಾರಿಗೆ ಏನಾಗುತ್ತದೆ ಎಂದುಕೊಂಡೆ. ಉದ್ದನೆಯ ಎರಡು ಕಾಲಂಗೆ ಹೊಂದಲಿ ಎಂದು ಎಡಗಡೆಯ ಬೆನ್ನುಗಳನ್ನು, ಕೆಳಗಡೆ ಮೊಣಕೈಯಿಂದ ಈಚೆಗಿನದನ್ನು ತೆಗೆದುಹಾಕಿದೆ. ಫ್ಲಾಸ್ಕೂ ಚಾಪೆಯೂ ಆ ಕೆಳಭಾಗದಲ್ಲಿದ್ದವು. ಬುಟ್ಟಿ ಉಳಿಯಿತು.

ನಾನು ಕೇಡಿನಿಂದ ಹಾಗೆ ಕತ್ತರಿಸಲಿಲ್ಲ. ವಿದ್ಯಾರ್ಥಿಗಳು ಇಲ್ಲಿ ನನ್ನನ್ನು ನಂಬುವುದಿಲ್ಲ. ಅವರಿಗೆ ಒಬ್ಬ ಕೇಡಿಗ ಬೇಕು. ಫ್ಲಾಸ್ಕನ್ನು ನೋಡಿ, ಅದು ಸುದ್ದಿಯನ್ನು ಕೆಡಿಸುತ್ತದೆ ಎಂದು ಎಣಿಸಿ ಕತ್ತರಿಸಿದ್ದರೆ ಈ ಪ್ರಕರಣ ಸುಲಭವಿತ್ತು. ನನ್ನ ಕಣ್ಣು ಅಂದು ಕಾಲಂ ಅಗಲವನ್ನಷ್ಟೇ ನೋಡುತ್ತಿತ್ತು.

ಊರಿಗೆ ಗೊತ್ತಾದದ್ದು ಹೇಗೆ

ಹೆಸರಿಲ್ಲದ, ಮುಖವಿಲ್ಲದ ಚಿತ್ರ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಗೆ ಹೋಗಿ ಹೆಸರು ಪಡೆದದ್ದು ಹೇಗೆ? ಇಲ್ಲಿ ಅಚ್ಚಿನ ಕೆಲಸದ ಒಂದು ಸಂಗತಿ ಇದೆ. ಫೋಟೋ ಪತ್ರಿಕೆಯಲ್ಲಿ ಬರುವುದು ಚುಕ್ಕಿಗಳಾಗಿ. ನ್ಯೂಸ್‌ಪ್ರಿಂಟ್ ಶಾಯಿ ಕುಡಿಯುತ್ತದೆ, ಚುಕ್ಕಿ ಅಗಲವಾಗುತ್ತದೆ. ಅದಕ್ಕೇ ಇಂಚಿಗೆ 85 ಗೆರೆಯ ಒರಟು ಸ್ಕ್ರೀನ್. ಅಂಥ ಅಚ್ಚಿನಲ್ಲಿ ಮುಖದ ನಯವೆಲ್ಲ ಕಲಸಿಹೋಗಿ ಮಸಿಯ ಉಂಡೆಯಾಗುತ್ತದೆ. ಉಳಿಯುವುದು ಕಪ್ಪು ಬಿಳಿಯ ದೊಡ್ಡ ವಿನ್ಯಾಸ. ಬುಟ್ಟಿಯ ಚೌಕಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿದ್ದವು.

ಆ ಬುಟ್ಟಿಗಳನ್ನು ಹೆಣೆಯುತ್ತಿದ್ದವರು ಆಕೆಯೇ. ಅಕ್ಕಪಕ್ಕದ ಹತ್ತು ಮನೆಗಳಿಗೆ ಹೆಣೆದು ಮಾರಿದ್ದರು. ತಮಗೆಂದು ಇಟ್ಟುಕೊಂಡದ್ದು ಮಾತ್ರ ಆ ಬಣ್ಣಗಳದ್ದು. ಆಕೆ ಶಿವಮೊಗ್ಗಕ್ಕೆ ಹೋಗಿರುವುದು ಊರಿಗೆಲ್ಲ ಗೊತ್ತಿತ್ತು. ಪತ್ರಿಕೆ ಕ್ಷೌರದಂಗಡಿಯಲ್ಲಿ ಒಂದು ವಾರ ಮಡಚದೆ ಬಿದ್ದಿತ್ತಂತೆ.

ಯಾರೂ ಬಂದು ಬಯ್ಯಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ಮಲೆನಾಡಿನ ಊರುಗಳಲ್ಲಿ ಮನೆಗಳು ದೂರ ದೂರ. ಮಾತು ಬಿಡುವುದಕ್ಕೆ ಕರೆಯದಿದ್ದರೆ ಸಾಕು. ಕಾರ್ತಿಕ ಕಳೆದು ಅಡಿಕೆ ಕೊಯ್ಲು ಶುರುವಾಯಿತು. ಅಡಿಕೆ ಸುಲಿಯುವುದು ರಾತ್ರಿ ಹೊತ್ತಿನ ಕೆಲಸ. ಅಂಗಳದಲ್ಲಿ ದೀಪ ಹಾಕಿ, ಹತ್ತಿಪ್ಪತ್ತು ಹೆಂಗಸರು ಮೆಟ್ಟುಕತ್ತಿ ಇಟ್ಟುಕೊಂಡು ಕುಳಿತು, ಮಾತಾಡುತ್ತ ಮಾತಾಡುತ್ತ ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಾರೆ. ಮನೆಯವರು ಮುಂಚಿನ ದಿನ ಹೇಳಿಕಳಿಸಬೇಕು. ಆ ವರ್ಷ ಆಕೆಗೆ ಒಂದು ಮನೆಯಿಂದಲೂ ಹೇಳಿಕೆ ಬರಲಿಲ್ಲ. ಮರುವರ್ಷ ಒಂದು ಮನೆಯಿಂದ ಬಂತು. ವರ್ಷದ ಕೈಗಾಸು ಬರುತ್ತಿದ್ದುದೇ ಆ ಮೂರು ತಿಂಗಳಲ್ಲಿ. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಏನು ಮಾಡಬಹುದಿತ್ತು

ಅಣ್ಣ ಪತ್ರಿಕೆಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದಿದ್ದರು. ಅದನ್ನೂ ನಾನು ಓದಿದ್ದೇನೆ. ಸಂಪಾದಕರು, "ಸ್ಪಷ್ಟನೆ ಹಾಕಿದರೆ ಮರೆತವರಿಗೂ ನೆನಪಾಗುತ್ತದೆ, ಬಿಡಿ" ಎಂದರು. ನುಣುಚಿಕೊಳ್ಳುವ ಮಾತು, ನಿಜ. ಆದರೆ ಅದರಲ್ಲಿ ಒಂದು ತೊಡಕೂ ಇದೆ. 'ಅಮುಕ ಸಂಚಿಕೆಯ ಚಿತ್ರದಲ್ಲಿದ್ದ ಮಹಿಳೆಗೂ ಪ್ರಕರಣಕ್ಕೂ ಸಂಬಂಧವಿಲ್ಲ' ಎಂದು ಹೆಸರಿಲ್ಲದೆ ಹಾಕಿದರೆ ಊರಿನವರಿಗೆ ಅದು ಯಾರ ವಿಷಯ ಎಂದು ತಿಳಿಯುವುದಿಲ್ಲ. ಹೆಸರು ಹಾಕಿದರೆ, ಇದುವರೆಗೆ ಒಂದು ಹಳ್ಳಿಗೆ ಗೊತ್ತಿದ್ದದ್ದು ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ವರ್ಷ ವರ್ಷವೂ ತರಗತಿಯಲ್ಲಿ ಚರ್ಚೆ ಇಲ್ಲಿ ಬಂದು ನಿಲ್ಲುತ್ತದೆ. ಒಮ್ಮೆ ಸಾಗರದ ಕಡೆಯ ಹುಡುಗಿಯೊಬ್ಬಳು, "ಕತ್ತರಿಸದ ಫೋಟೋವನ್ನು ಆ ಊರಿನ ಹತ್ತು ಮನೆಗೆ ತೆಗೆದುಕೊಂಡುಹೋಗಿ ತೋರಿಸಬೇಕಿತ್ತು ಸರ್, ಅಚ್ಚು ಹಾಕುವುದು ಯಾಕೆ?" ಎಂದಳು. ನಮ್ಮ ಕಚೇರಿಯಲ್ಲಿ ಯಾರ ತಲೆಗೂ ಹೊಳೆಯದ ಉತ್ತರ.

ಕಾನೂನಿನ ಬಾಗಿಲುಗಳು ಇದ್ದವು, ಎಲ್ಲಕ್ಕೂ ಗಡುವಿತ್ತು. ಭಾರತೀಯ ಪತ್ರಿಕಾ ಮಂಡಳಿಗೆ ವಾರಪತ್ರಿಕೆಯ ಮೇಲೆ ದೂರು ಕೊಡುವುದಾದರೆ ಪ್ರಕಟವಾದ ಎರಡು ತಿಂಗಳೊಳಗೆ. ಅದೂ ಮೊದಲು ಸಂಪಾದಕರಿಗೆ ಬರೆದು ನೋಡಿದ ಮೇಲೆ. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು. ಒಂದು ರೂಪಾಯಿ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಮಾನನಷ್ಟಕ್ಕೆ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಲು ಒಂದು ವರ್ಷ. ಕ್ರಿಮಿನಲ್ ಖಾಸಗಿ ದೂರಿಗೆ ಮೂರು ವರ್ಷ. ಖಾಸಗಿ ಬದುಕಿನ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 1994ರಲ್ಲೇ ರಾಜಗೋಪಾಲ್ ಪ್ರಕರಣದಲ್ಲಿ ಮಾತಾಡಿತ್ತು; ಅದೂ ಒಂದು ತಮಿಳು ವಾರಪತ್ರಿಕೆಯ ವಿಷಯವೇ. ತಾಯಿಯ ತಿಥಿ ಮಾಡುತ್ತಿದ್ದ ಮನೆಗೆ ಇದನ್ನೆಲ್ಲ ಯಾರು ಹೇಳಬೇಕಿತ್ತು?

ನಾವು ಅಂದು ಮಾಡಿದ್ದನ್ನು ನೇರವಾಗಿ ನಿಷೇಧಿಸುವ ಮಾತು ಬಂದದ್ದು 2022ರ ಮೇ 19ರಂದು. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನ, ದಾಳಿ, ರಕ್ಷಣೆಯ ಹೊತ್ತಿನಲ್ಲಿ ಲೈಂಗಿಕ ವೃತ್ತಿಯವರ ಗುರುತು ಹೊರಬೀಳದಂತೆ ಮಾಧ್ಯಮಗಳು ಎಚ್ಚರ ವಹಿಸಬೇಕು, ಗುರುತು ಹೊರಗೆಡಹುವ ಚಿತ್ರ ಪ್ರಕಟಿಸಬಾರದು ಎಂದಿತು. ಆರೋಪಿಯಾಗಿದ್ದರೂ ಸರಿ, ಸಂತ್ರಸ್ತೆಯಾಗಿದ್ದರೂ ಸರಿ. ಈ ಕೊನೆಯ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ನಮ್ಮ ಪ್ರಕರಣದಲ್ಲಿ ಆಕೆ ನಿರಪರಾಧಿ ಎಂಬುದೇ ಎಲ್ಲರನ್ನೂ ಕಲಕುತ್ತದೆ. ಅದೇ ಮೆಟ್ಟಿಲಲ್ಲಿ ಆ ರಾತ್ರಿ ಫ್ಲಾಸ್ಕ್ ಇಲ್ಲದ ಇನ್ನಿಬ್ಬರು ಹೆಂಗಸರಿದ್ದರು. ಅವರ ಬಗ್ಗೆ ಇದುವರೆಗೆ ಒಬ್ಬ ವಿದ್ಯಾರ್ಥಿಯೂ ತಾನಾಗಿ ಕೇಳಿಲ್ಲ. ನಾನೂ ಬಹಳ ಕಾಲ ಕೇಳಿಕೊಂಡಿರಲಿಲ್ಲ.

ಬೆಲ್ಲ, ನೀರು

ಫೋಟೋದವರಿಗೆ ಮನಿಯಾರ್ಡರಿನಲ್ಲಿ 40 ರೂಪಾಯಿ ಹೋಯಿತು. ಆಸ್ಪತ್ರೆಯ ಹತ್ತಿರದ ಮೆಡಿಕಲ್ ಶಾಪಿನವರಿಂದ ಅವರಿಗೆ ನಿಜ ಸಂಗತಿ ತಿಳಿದದ್ದು ಮತ್ತೆ ಎಷ್ಟೋ ದಿನಕ್ಕೆ. ಆಮೇಲೆ ದಾಳಿಗೆ ಕರೆದರೆ ಹೋಗಲಿಲ್ಲ. ಅದನ್ನು ದೊಡ್ಡ ತ್ಯಾಗವೆಂದು ಅವರೂ ಹೇಳುವುದಿಲ್ಲ, ಆದಾಯವಂತೂ ಅರ್ಧಕ್ಕಿಳಿಯಿತು. ಡಿಜಿಟಲ್ ಬಂತು, ಪತ್ರಿಕೆ ಮುಚ್ಚಿತು, ಅವರು ಜೆರಾಕ್ಸ್ ಯಂತ್ರ ಹಾಕಿಕೊಂಡು ಪಾಸ್‌ಪೋರ್ಟ್ ಫೋಟೋ ತೆಗೆಯತೊಡಗಿದರು. ನಮ್ಮ ಕಚೇರಿಯ ಫೋಟೋಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕುವಾಗ ನಾನು ಶಿವಮೊಗ್ಗದ ಕಟ್ಟೊಂದನ್ನು ಎತ್ತಿಕೊಂಡೆ. ಈ ಪ್ರಿಂಟ್ ಅದರಲ್ಲಿತ್ತು. ಅದನ್ನು ಹಿಡಿದುಕೊಂಡೇ ನಾನು ಅವರ ಅಂಗಡಿ ಹುಡುಕಿಕೊಂಡು ಹೋದದ್ದು.

ಹಿಂಬದಿ ನೋಡಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನು ಬರೆದದ್ದು ಅವರಿಗಾಗಿ ಅಲ್ಲ ಮಾರಾಯರೇ. ನನಗಾಗಿ. ನಾಳೆ ಏನಾದರೂ ಆದರೆ ನಾನು ಹೇಳಿದ್ದೆ ಎನ್ನಬಹುದಲ್ಲ, ಅದಕ್ಕೆ" ಎಂದರು. ನಾನು ಕೆಂಪು ಗೆರೆಯ ಬಗ್ಗೆ ಏನೋ ಹೇಳಹೋದೆ. "ನೀವು ಕತ್ತರಿಸಿದಿರಿ, ನಾನು ಕಳಿಸಿದೆ. ತಕ್ಕಡಿ ಹಿಡಿದು ಏನು ಪ್ರಯೋಜನ" ಎಂದು ಅಲ್ಲಿಗೇ ಮುಗಿಸಿದರು.

ಅವರು ಆ ಹಳ್ಳಿಗೆ ಒಮ್ಮೆ ಹೋಗಿದ್ದರು, ನನಗಿಂತ ಎಷ್ಟೋ ಮೊದಲು, ಯಾರೂ ಹೇಳದೆ. ಮಂಡಗದ್ದೆ ದಾಟಿ ತೀರ್ಥಹಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಗದ್ದೆ ಬದು. ತಾನು ಯಾರು ಎಂದು ಜಗಲಿಯಲ್ಲಿ ನಿಂತೇ ಹೇಳಿದರಂತೆ. ಆಕೆ ಒಳಗೆ ಹೋದರು. ಬಾಗಿಲು ಹಾಕಿಕೊಂಡರು ಎಂದುಕೊಂಡು ಇವರು ತಿರುಗುವಷ್ಟರಲ್ಲಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟರು. ಯಾರೇ ಬಂದರೂ ಆ ಸೀಮೆಯಲ್ಲಿ ಹಾಗೆ. ಇವರು ಮುಟ್ಟಲಿಲ್ಲ. ಆಕೆ, "ಬಿಸಿಲಲ್ಲಿ ಬಂದಿದ್ದೀರಿ, ಕುಡಿಯಿರಿ" ಎಂದು, ಕುಡಿದ ಮೇಲೆ, "ಮುಖಕ್ಕೆ ಬುಟ್ಟಿ ಅಡ್ಡ ಹಿಡಿದದ್ದೇ ತಪ್ಪಾಯಿತು ನೋಡಿ. ನಿಮ್ಮ ಪೇಪರಿನಲ್ಲಿ ಬೇರೆಯವರ ಮುಖ ಒಂದೂ ಗುರುತು ಸಿಗುವ ಹಾಗಿರಲಿಲ್ಲ" ಎಂದರಂತೆ. ಇಬ್ಬರೂ ನಕ್ಕರಂತೆ. ನಕ್ಕದ್ದೇ ತಮಗೆ ಇವತ್ತಿಗೂ ಅರಗದ ಸಂಗತಿ ಎನ್ನುತ್ತಾರೆ ಫೋಟೋದವರು.

ತರಗತಿಯಲ್ಲಿ ಈ ಪ್ರಿಂಟನ್ನು ತೋರಿಸಬೇಕೆಂದು ನಾನು ಅವರ ಅನುಮತಿ ಕೇಳಿದೆ. ಅವರು ಯಾರ ನೌಕರರೂ ಆಗಿರಲಿಲ್ಲ, ಫಿಲ್ಮು ತಮ್ಮದೇ; 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಅವರದೇ ಎಂಬುದು ನನ್ನ ಓದು. ಪ್ರಕಟವಾದ ಮೇಲೆ 60 ವರ್ಷ. ಅದೇ ಕಾಯ್ದೆಯಲ್ಲಿ ಚಿತ್ರದೊಳಗೆ ಸಿಕ್ಕಿಬಿದ್ದವರಿಗೆ ಜಾಗವಿಲ್ಲ. "ಹಕ್ಕು ನನ್ನದಿರಬಹುದು, ಅವರನ್ನು ಕೇಳದೆ ಬೇಡ" ಎಂದು ಫೋಟೋದವರು ಅಣ್ಣನ ಮನೆಗೆ ಫೋನ್ ಮಾಡಿದರು. ಎರಡು ದಿನ ಬಿಟ್ಟು ಉತ್ತರ ಬಂತು. ಹಿಂದೆ ಬರೆದದ್ದನ್ನು ಬೇಕಾದರೆ ತೋರಿಸಲಿ, ಮುಂದಿನದು ಬೇಡ.

ಮುಂಬದಿಗೆ ಖಾಕಿ ಕಾಗದ ಅಂಟಿಸಿದ್ದೇನೆ. ನೆಗೆಟಿವ್ ಫೋಟೋದವರ ಟ್ರಂಕಿನಲ್ಲಿದೆ. ಆ ಬಲ್ಬು ಈಗಲೂ ಮಳೆಗಾಲವಿಡೀ ಉರಿಯುತ್ತದೆ.